ಅಪ್ಪ ಒಪ್ಪಿಕೊಂಡ ತಪ್ಪು

ಮಂಜುಶ್ರೀ ನಲವತ್ತೊಂದು ದಿನ ಕಾಲೇಜಿಗೆ ಹೋಗಲಿಲ್ಲ. ಮನೆಯಿಂದ ಹೊರಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆ. ಹೊಸಕೋಟೆಯಲ್ಲಿ ಬಸ್ಸು ಹತ್ತಿ, ಆಲೂರಿನಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚಿನ ಮೇಲೆ ಕೂರುತ್ತಿದ್ದಳು. ಮಧ್ಯಾಹ್ನ ಅಲ್ಲೇ ಡಬ್ಬಿ ಬಿಚ್ಚಿ ಉಂಡು, ನಾಲ್ಕೂವರೆಯ ಬಸ್ಸಿಗೆ ವಾಪಸ್ಸು ಬರುತ್ತಿದ್ದಳು. ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿದ್ದುದರಿಂದ ತಾಯಿ ಲಕ್ಷ್ಮಿಗೆ ಅನುಮಾನ ಬರಲು ಕಾರಣವಿರಲಿಲ್ಲ. ನಲವತ್ತೆರಡನೆಯ ದಿನ ಕಾಲೇಜಿನವರು ಫೋನ್ ಮಾಡಿ, ನಿಮ್ಮ ಮಗಳು ಕಾಲೇಜು ಬಿಟ್ಟಿದ್ದಾಳೋ ಅಥವಾ ಊರೇ ಬಿಟ್ಟಿದ್ದಾಳೋ ಎಂದು ಕೇಳಿದರು.

ನಡೆದದ್ದು ಇಷ್ಟೇ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಎಂಬತ್ತೆಂಟು ಪರ್ಸೆಂಟ್ ತೆಗೆದವಳನ್ನು ಸೈನ್ಸಿಗೆ ಸೇರಿಸಿದ್ದರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೊದಲ ಟೆಸ್ಟಿನಲ್ಲಿ ಫಿಸಿಕ್ಸಿಗೆ ಇಪ್ಪತ್ತೈದಕ್ಕೆ ಎರಡು ಬಂತು. ಆ ಎರಡನ್ನೂ ಹೆಸರು ಸರಿಯಾಗಿ ಬರೆದಿದ್ದಕ್ಕೆ ಕೊಟ್ಟಿದ್ದೇನೆ ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದರು. ಎಲ್ಲರೂ ನಕ್ಕರು. ಮಾರನೆಯ ದಿನ ಆಲೂರಿನಲ್ಲಿ ಬಸ್ಸಿಳಿದ ಮಂಜುಶ್ರೀಯ ಕಾಲು ಕಾಲೇಜಿನ ಕಡೆಗೆ ತಿರುಗಲಿಲ್ಲ. ಇದನ್ನು ಯಾರಾದರೂ ಕೇಳಿದ್ದರೆ ಹೇಳುತ್ತಿದ್ದಳು. ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಯಾವನೇ ಅವನು?"

ತಂದೆ ರವಿಚಂದ್ರನಿಗೆ ಆರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಸಾಧು ಮನುಷ್ಯ. ತೋಟಕ್ಕೆ ನುಗ್ಗಿದ ಪಕ್ಕದವರ ದನವನ್ನೂ "ಹೋಗವ್ವ, ಮನೆಗೋಗು" ಎಂದು ಗದರುವವನು. ಮಗಳ ಎದುರು ಕೂತು ಏನು ಕೇಳಬೇಕೆಂದು ಅವನಿಗೆ ತೋಚಲಿಲ್ಲ. ಬಾಳ್ಳುಪೇಟೆಯ ಮೆಣಸಿನ ಅಂಗಡಿಯಲ್ಲಿ ಯಾರೋ 'ಮರುಹೆಜ್ಜೆ'ಯ ವಿಷಯ ಹೇಳಿದರು. ದಾರಿ ತಪ್ಪಿದ ಮಕ್ಕಳನ್ನು ಮೂರು ತಿಂಗಳು ಇಟ್ಟುಕೊಂಡು ಸರಿ ಮಾಡಿ ಕಳಿಸುತ್ತಾರಂತೆ. ಹೊಡೆಯುವುದಿಲ್ಲವಂತೆ, ಬರೀ ಮಾತಿನಲ್ಲೇ ಸರಿ ಮಾಡುತ್ತಾರಂತೆ. ಹೊಡೆಯುವುದಿಲ್ಲ ಎಂಬುದು ರವಿಚಂದ್ರನಿಗೆ ಬಹಳ ಹಿಡಿಸಿತು. ಸೆಪ್ಟೆಂಬರಿನ ಮೊದಲ ವಾರ ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟ.

ಹೆಗ್ಗದ್ದೆಯ ಕಡೆ, ಘಟ್ಟದ ಅಂಚಿನಲ್ಲಿ ಹಳೆಯದೊಂದು ಎಸ್ಟೇಟ್ ಬಂಗಲೆ. ಗೇಟಿಗೆ 'ಮರುಹೆಜ್ಜೆ ವಸತಿ ಕೇಂದ್ರ' ಎಂಬ ಬೋರ್ಡು. ಒಳಗೆ ಹದಿಮೂರರಿಂದ ಹದಿನೆಂಟರವರೆಗಿನ ಇಪ್ಪತ್ತೆರಡು ಮಕ್ಕಳು. ನಡೆಸುತ್ತಿದ್ದವರು ದೇವೇಂದ್ರ ಸರ್. ಅವರು ಹಿಂದೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರಗಳನ್ನು ಮನೆಮನೆಗೆ ಮಾರುತ್ತಿದ್ದರು. ನಡುವೆ ಎಲ್ಲೋ ಹನ್ನೊಂದು ದಿನದ ತರಬೇತಿ ಪಡೆದು ಬಂದು ಈಗ ಮನಸ್ಸು ಶುದ್ಧ ಮಾಡುತ್ತಿದ್ದರು. ಮೆತ್ತನೆಯ ದನಿ. ಎಂದೂ ಯಾರ ಮೇಲೂ ಕೂಗಿದವರಲ್ಲ. ಕೂಗುವ ಕೆಲಸವನ್ನು ಮಕ್ಕಳಿಗೆ ವಹಿಸಿದ್ದರು.

ಅಲ್ಲಿ ಐದು ಮೆಟ್ಟಿಲುಗಳಿದ್ದವು. ಕಟ್ಟಡಕ್ಕಲ್ಲ, ಮಕ್ಕಳಿಗೆ. ಮೊದಲ ಮೆಟ್ಟಿಲಿನವರು ಚಪ್ಪಲಿ ಹಾಕುವಂತಿಲ್ಲ, ಮನೆಗೆ ಫೋನ್ ಮಾಡುವಂತಿಲ್ಲ. ಮಳೆಗಾಲ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳಿಗೆ ಈ ಚಪ್ಪಲಿಯ ನಿಯಮ ಬಹಳ ಅನುಕೂಲವಾಗಿತ್ತು. ಮೂರನೆಯ ಮೆಟ್ಟಿಲಿಗೆ ಬಂದರೆ ವಾರಕ್ಕೆ ಐದು ನಿಮಿಷ ಫೋನು, ಪಕ್ಕದಲ್ಲಿ ದೇವೇಂದ್ರ ಸರ್. ನಾಲ್ಕನೆಯದಕ್ಕೆ ತೋಳಿಗೆ ಹಳದಿ ಪಟ್ಟಿ. ಐದನೆಯದಕ್ಕೆ ಮನೆ.

ಮೆಟ್ಟಿಲು ಹತ್ತುವುದು ಕನ್ನಡಿ ಕೂಟದಲ್ಲಿ. ದಿನವೂ ಬೆಳಿಗ್ಗೆ ಹತ್ತಕ್ಕೆ ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಸ್ಟೋರಿನಲ್ಲಿ ಎಲ್ಲರೂ ಸುತ್ತ ಕೂರಬೇಕು. ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಕೂತವರು ತಮ್ಮ ತಪ್ಪನ್ನು ಹೇಳಬೇಕು, ಸುತ್ತ ಕೂತವರು ಅದು ಸಾಲದು ಎಂದು ಕೂಗಬೇಕು. ಸ್ಟೂಲಿನ ಮೇಲಿರುವವರು 'ಇಲ್ಲ' ಎನ್ನುವಂತಿಲ್ಲ. ಇಲ್ಲ ಎಂದರೆ ಮುಚ್ಚಿಡುತ್ತಿದ್ದಾರೆ ಎಂದರ್ಥ.

ಮಂಜುಶ್ರೀಯನ್ನು ಮೂರನೆಯ ದಿನ ಕೂರಿಸಿದರು.

"ಯಾಕಮ್ಮ ಬಂದೆ ಇಲ್ಲಿಗೆ?" ದೇವೇಂದ್ರ ಸರ್ ಕೇಳಿದರು.

"ಕಾಲೇಜಿಗೆ ಹೋಗ್ತಿರ್ಲಿಲ್ಲ ಸಾರ್."

"ಸುಳ್ಳು!" ಸ್ಟೋರಿನ ತಗಡು ನಡುಗುವಂತೆ ಎಲ್ಲರೂ ಒಟ್ಟಿಗೆ ಕೂಗಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. "ಹುಡುಗನ್ ಜೊತೆ ಓಡಾಡ್ತಿದ್ದೆ!" "ಅಪ್ಪನ್ ಮರ್ಯಾದೆ ಕಳ್ದೆ!" "ಮುಖ ನೋಡು, ಎಷ್ಟು ಕೊಬ್ಬು!"

ಮುಖದ ವಿಷಯ ಹೇಳಿದವಳು ಅವತ್ತು ಬೆಳಿಗ್ಗೆ ತಾನಾಗಿ ಬಂದು ಸೋಪು ಕೊಟ್ಟಿದ್ದ ಪೂಜಿತಾ. ಎರಡೂವರೆ ಗಂಟೆ ಹೀಗೇ ನಡೆಯಿತು. ಬಾತ್‌ರೂಮಿಗೆ ಏಳುವಂತಿರಲಿಲ್ಲ. ಮುಗಿದ ಮೇಲೆ ಪೂಜಿತಾ ಬಂದು, "ಬೇಜಾರ್ ಮಾಡ್ಕಬೇಡ ಕಣೆ. ಜೋರಾಗಿ ಕೂಗ್ದಿದ್ರೆ ನನ್ನ ಕೂರುಸ್ತಾರೆ" ಎಂದಳು. ಅದು ಮಂಜುಶ್ರೀಗೆ ಅರ್ಥವಾಯಿತು. ಕಾಲೇಜಿಗೆ ಸೇರಿದ ಮೇಲೆ ಅವಳಿಗೆ ಪೂರ್ತಿ ಅರ್ಥವಾದ ಮೊದಲ ಪಾಠ ಅದು.

ಅಡುಗೆಯ ಮಾದಮ್ಮ ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್ ಮನೆಯವಳು. ಸ್ಟೋರಿನ ಗೋಡೆಯ ಆಚೆಗೇ ಅವಳ ಒಲೆ. ಅನ್ನ ಬಡಿಸುತ್ತ ಕೇಳಿದಳು, "ಅದೇನ್ ಪಾಠವ್ವ ಅದು, ದಿನಾ ಬಯ್ಯೋ ಪಾಠ? ಪರೀಕ್ಷೇಲೂ ಇದ್ನೇ ಕೇಳ್ತಾರಾ?"

ಯಾರೂ ನಗಲಿಲ್ಲ. ಊಟದ ಹೊತ್ತಿನಲ್ಲಿ ನಕ್ಕವರ ಹೆಸರು ಮಾರನೆಯ ದಿನ ಕೂಟದಲ್ಲಿ ಬರುತ್ತಿತ್ತು.

ಒಂಬತ್ತನೆಯ ದಿನ ಮಂಜುಶ್ರೀ ಒಪ್ಪಿಕೊಂಡಳು. ಒಪ್ಪಿಕೊಳ್ಳಲು ಏನಾದರೂ ಬೇಕಲ್ಲ, ಒಬ್ಬ ಹುಡುಗನನ್ನು ಸೃಷ್ಟಿ ಮಾಡಿಕೊಂಡಳು. ಹೆಸರೇನು ಎಂದು ಕೇಳಿದಾಗ ಎದುರಿನ ಗೋಡೆಯ ಮೇಲೆ ಹಿಂದಿನ ಕಾಲದವರು ಇದ್ದಿಲಿನಲ್ಲಿ ಬರೆದ 'ಲಕ್ಕಪ್ಪ ೩ ಮೂಟೆ' ಕಂಡಿತು. ಪ್ರೇಮಿಗೆ ಲಕ್ಕಪ್ಪ ಎಂದರೆ ಯಾರೂ ನಂಬಲಾರರು ಎನಿಸಿ ಚೇತನ್ ಎಂದಳು. ಅಷ್ಟಕ್ಕೂ ಬಿಡಲಿಲ್ಲ. ಗಾಂಜಾ ಎಂದಳು. ಅವಳು ಗಾಂಜಾವನ್ನು ಕಂಡವಳಲ್ಲ. ಹಿಂದಿನ ದಿನವಷ್ಟೇ ಹೇಮಂತ ಎಂಬ ಹುಡುಗ ಒಪ್ಪಿಕೊಂಡ ಕಥೆಯಲ್ಲಿ ಒಂದು ಆಟೋ ಇತ್ತು, ಆಟೋದಲ್ಲಿ ಪೇಪರಿನಲ್ಲಿ ಸುತ್ತಿದ ಗಾಂಜಾ ಇತ್ತು. ಅದನ್ನೇ ಅವಳೂ ಹತ್ತಿದಳು. ಆ ಆಟೋ ಆಮೇಲೆ ಇನ್ನೂ ಐದಾರು ಜನರ ತಪ್ಪೊಪ್ಪಿಗೆಯಲ್ಲಿ ಓಡಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪೂಜಿತಾ ಬಂದು ತಬ್ಬಿಕೊಂಡಳು. "ಇವತ್ತು ನೀನು ಹುಟ್ಟಿದೆ" ಎಂದರು ದೇವೇಂದ್ರ ಸರ್. ಚಪ್ಪಲಿ ವಾಪಸ್ಸು ಸಿಕ್ಕಿತು. ಮಂಜುಶ್ರೀ ಬಿಕ್ಕಿ ಬಿಕ್ಕಿ ಅತ್ತಳು, ಮನಸ್ಸು ಹಗುರಾಯಿತು. ಹಗುರಾದದ್ದು ನಿಜ ಹೇಳಿದ್ದಕ್ಕೇ ಇರಬೇಕು ಎಂದು ಅವಳಿಗೂ ಅನಿಸಿತು. ಮುಂದೆ ಅದೇ ಕಥೆಯನ್ನು ನಾಲ್ಕಾರು ಸಲ ವಿವರವಾಗಿ ಹೇಳಬೇಕಾಗಿ ಬಂತು. ಒಂದು ತಿಂಗಳಾಗುವಷ್ಟರಲ್ಲಿ ಚೇತನನ ಮೂಗು ಹೇಗಿತ್ತು, ಆಟೋದ ಸೀಟಿನ ಬಣ್ಣ ಯಾವುದು ಎಂಬುದೆಲ್ಲ ನೆನಪಿಗೆ ಬರತೊಡಗಿತು. ಅವನ ವಿಷಯ ಮನೆಗೂ ತಲುಪಿತು. ಮೂರನೆಯ ಮೆಟ್ಟಿಲಿನ ಮೊದಲ ಫೋನಿನಲ್ಲಿ ರವಿಚಂದ್ರ, "ಆಗಿದ್ದು ಆಗೋಯ್ತು ಬುಡವ್ವ" ಎಂದಷ್ಟೇ ಹೇಳಿ ಉಳಿದ ನಾಲ್ಕು ನಿಮಿಷ ಮಳೆಯ ವಿಷಯ ಮಾತಾಡಿದ.

ಡೆಲ್ಸಿ ಬಂದದ್ದು ಅಕ್ಟೋಬರಿನಲ್ಲಿ. ಬಾಳ್ಳುಪೇಟೆಯ ಹುಡುಗಿ, ಹದಿನೈದು ವರ್ಷ, ಮಾತು ಕಡಿಮೆ. ತಂದೆ ಸಿಲ್ವೆಸ್ಟರ್ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಆಳುಗಳ ಹಾಜರಿ ಬರೆಯುತ್ತ ಕೂತಲ್ಲೇ ಹೃದಯ ನಿಂತು ತೀರಿಹೋಗಿದ್ದರು. ಆಮೇಲೆ ಡೆಲ್ಸಿ ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು, ಊಟ ಅರ್ಧಕ್ಕೆ ಬಂತು. ತಾಯಿ ರೀಟಾ ಹೆದ್ದಾರಿಯ ಪಕ್ಕದಲ್ಲಿ ಲೇಡೀಸ್ ಟೈಲರ್ ಅಂಗಡಿ ಇಟ್ಟವರು. ಮಗಳನ್ನು ನೋಡಿಕೊಂಡು ಹೊಲಿಯುವುದು ಅವರಿಂದಾಗದೆ ಯಾರದೋ ಮಾತು ಕೇಳಿ ಇಲ್ಲಿಗೆ ತಂದು ಬಿಟ್ಟಿದ್ದರು.

ಭಾನುವಾರ ಕೂಟವಿಲ್ಲ. ಬಂಗಲೆಯ ಹಿಂದೆ ಒಗೆಯುವ ಕಲ್ಲಿನ ಹತ್ತಿರ ಮಂಜುಶ್ರೀಯೂ ಡೆಲ್ಸಿಯೂ ಬೆಡ್‌ಶೀಟ್ ಹಿಂಡುತ್ತಿದ್ದರು. ಇಬ್ಬರೂ ಒಂದೊಂದು ತುದಿ ಹಿಡಿದು ತಿರುಚುವಾಗ ಡೆಲ್ಸಿ ಇದ್ದಕ್ಕಿದ್ದಂತೆ ಹೇಳಿದಳು.

"ಪಪ್ಪ ಹೋದ ದಿನ ಶಾಲೆಗೆ ರಜೆ ಇತ್ತು. ಪಪ್ಪ ಫೋನ್ ಮಾಡಿದ್ರು. ನಾನು ರೀಲ್ಸ್ ನೋಡ್ತಾ ಇದ್ದೆ, ಕಟ್ ಮಾಡಿದೆ. ಪುನಃ ಮಾಡಿದ್ರು. ಪುನಃ ಕಟ್ ಮಾಡಿದೆ."

ಮಂಜುಶ್ರೀ ತಿರುಚುವುದನ್ನು ನಿಲ್ಲಿಸಿದಳು.

"ಮಮ್ಮಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನೀನು ಹೇಳ್ಬೇಡ."

"ಹೇಳಲ್ಲ ಕಣೆ."

ಹೇಳಬಾರದೆಂದೇ ಇದ್ದಳು. ಹನ್ನೊಂದು ದಿನ ಹೇಳಲಿಲ್ಲ. ಹನ್ನೆರಡನೆಯ ದಿನ ಡೆಲ್ಸಿ ಸ್ಟೂಲಿನ ಮೇಲಿದ್ದಳು. ಅವಳನ್ನು ಆಗಾಗ ಕೂರಿಸುತ್ತಿದ್ದರು, ಏಕೆಂದರೆ ಎಷ್ಟು ಕೂಗಿದರೂ ಅವಳು 'ಶಾಲೆಗೆ ಹೋಗ್ಲಿಕ್ಕೆ ಮನಸ್ಸಾಗ್ಲಿಲ್ಲ' ಎಂಬುದರ ಆಚೆಗೆ ಒಂದು ಮಾತು ಆಡಿದವಳಲ್ಲ. ದೇವೇಂದ್ರ ಸರ್ ಮಂಜುಶ್ರೀಯ ಕಡೆ ತಿರುಗಿದರು.

"ನೀವಿಬ್ರೂ ಸ್ನೇಹಿತೆಯರು. ನಾಲ್ಕನೇ ಮೆಟ್ಟಿಲಿಗೆ ಬರೋರು ಬೇರೆಯವರಿಗೆ ಕನ್ನಡಿ ಹಿಡೀಬೇಕು. ಗೊತ್ತಿದ್ದೂ ಮುಚ್ಚಿಟ್ರೆ ಅವಳ ಜೊತೆ ನೀನೂ ಮೊದಲನೇ ಮೆಟ್ಟಿಲಿಗೆ ಹೋಗ್ತೀಯ. ಯೋಚ್ನೆ ಮಾಡಮ್ಮ, ಅವಸರ ಇಲ್ಲ."

ಇಪ್ಪತ್ತು ಚಿಲ್ಲರೆ ಮುಖಗಳು ತನ್ನ ಕಡೆ ತಿರುಗಿದ್ದನ್ನು ಮಂಜುಶ್ರೀ ಕಂಡಳು. ಯೋಚನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದ್ದು ನಿಂತು ಫೋನಿನ ವಿಷಯ ಹೇಳಿದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇದ್ದದ್ದನ್ನು ಇದ್ದಷ್ಟೇ ಹೇಳಿದರೆ ಆ ಕೂಟದಲ್ಲಿ ಸಾಲುತ್ತಿರಲಿಲ್ಲ. ಎರಡು ತಿಂಗಳಿನ ಅಭ್ಯಾಸ ಅವಳ ಬಾಯಿಗೆ ತಾನಾಗಿ ಬಂತು.

"ನಿಮ್ಮಪ್ಪ ಎದೆನೋವು ಅಂತ ಹೇಳೋಕೆ ಮಾಡಿದ್ರು! ನೀನ್ ಎತ್ತಿದ್ರೆ ಬದುಕ್ತಿದ್ರು! ನೀನೇ ಸಾಯಿಸ್ದೆ!"

"ನೀನೇ ಸಾಯಿಸ್ದೆ!" ಎಂದು ಉಳಿದವರೂ ಎದ್ದರು. ದೇವೇಂದ್ರ ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಡೆಲ್ಸಿ ಅಳಲಿಲ್ಲ. ಮಂಜುಶ್ರೀಯನ್ನೇ ನೋಡಿದಳು. ಅವತ್ತಿನಿಂದ ಅವಳು ಮಾತಾಡುವುದನ್ನು ಬಿಟ್ಟಳು. ಕೂಟದಲ್ಲಿ ಮಾತ್ರವಲ್ಲ, ಎಲ್ಲೂ. ಮಾದಮ್ಮ "ತಿನ್ನು ಮಗ, ಒಂದ್ ತುತ್ತು" ಎಂದು ಎದುರು ಕೂತರೂ ತಟ್ಟೆಯನ್ನು ನೋಡುತ್ತ ಕೂತಿರುತ್ತಿದ್ದಳು. ಮಂಜುಶ್ರೀಗೆ ಮಾರನೆಯ ಬೆಳಿಗ್ಗೆ ಹಳದಿ ಪಟ್ಟಿ ಕಟ್ಟಿದರು. ಒಂಬತ್ತನೆಯ ದಿನ, ಸುದ್ದಿ ಹೇಗೋ ಮುಟ್ಟಿ, ರೀಟಾ ಬಂದು ಮಗಳ ಬ್ಯಾಗನ್ನು ತಾವೇ ತುಂಬಿ, ಯಾರೊಂದಿಗೂ ಮಾತಾಡದೆ ಕರೆದುಕೊಂಡು ಹೋದರು. "ಡೆಲ್ಸಿ ಸತ್ಯದಿಂದ ಓಡಿಹೋದಳು" ಎಂದು ದೇವೇಂದ್ರ ಸರ್ ಕೂಟದಲ್ಲಿ ತಿಳಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಜುಶ್ರೀಯೂ ತಟ್ಟಿದಳು. ಅವಳ ಮನಸ್ಸು ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು. ಒಪ್ಪಿಕೊಂಡಿದ್ದರೆ ಡೆಲ್ಸಿಗೂ ತನ್ನ ಹಾಗೆ ಹಗುರಾಗುತ್ತಿತ್ತು.

ಡಿಸೆಂಬರಿನ ಎರಡನೆಯ ಭಾನುವಾರ ಕುಟುಂಬ ದಿನ. ಕಾಫಿ ಕೊಯ್ಲಿನ ಕಾಲ. ರವಿಚಂದ್ರ ಆಳುಗಳನ್ನು ಅಕ್ಕ ಸರೋಜಮ್ಮನ ಸುಪರ್ದಿಗೆ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು ಹೆಂಡತಿಯೊಂದಿಗೆ ಬಂದಿದ್ದ. ಲಕ್ಷ್ಮಿ ತಂದ ಚಕ್ಕುಲಿಯ ಡಬ್ಬವನ್ನು ಆಫೀಸಿನಲ್ಲಿ ಇಸಿದುಕೊಂಡರು. ಸ್ಟೋರಿನಲ್ಲಿ ಮಕ್ಕಳು ಸುತ್ತ ಕೂತಿದ್ದರು, ಅವರ ಹಿಂದೆ ಕುರ್ಚಿಗಳಲ್ಲಿ ಪೋಷಕರು.

"ಮಕ್ಕಳು ಇಷ್ಟು ಧೈರ್ಯ ಮಾಡಿದ್ದಾರೆ" ಎಂದರು ದೇವೇಂದ್ರ ಸರ್. "ತಂದೆತಾಯಿಗಳಲ್ಲಿ ಯಾರಿಗೆ ಧೈರ್ಯ ಇದೆ?"

ಪೋಷಕರೆಲ್ಲ ಸೂರಿನ ಕಡೆ ನೋಡಿದರು. ರವಿಚಂದ್ರ ಕೂಡ ನೋಡಿದ, ಆದರೆ ಸ್ವಲ್ಪ ತಡವಾಗಿ. "ಬನ್ನಿ ಸಾರ್" ಎಂದಾಗ ಕರೆದವರಿಗೆ ಅವಮಾನವಾಗಬಾರದೆಂದು ಎದ್ದು ಹೋಗಿ ಸ್ಟೂಲಿನ ಮೇಲೆ ಕೂತ. ಹಾಲಿನ ಡೇರಿಯ ಸಭೆಯಲ್ಲಿ ಕೂರುವ ಹಾಗೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

"ನಿಮ್ಮ ಮಗಳು ದಾರಿ ತಪ್ಪೋದಕ್ಕೆ ಮನೇಲಿ ಏನು ಕಾರಣ?"

"ಅಂಥದ್ದೇನಿಲ್ಲ ಸಾರ್."

ಇಲ್ಲ ಎಂಬ ಮಾತು ಬಂದದ್ದೇ ತಡ, ಮಕ್ಕಳು ಕಾದಿದ್ದವರಂತೆ ಎದ್ದರು. ಹಳದಿ ಪಟ್ಟಿಯವರು ಮೊದಲು ಕೂಗಬೇಕು. ಮಂಜುಶ್ರೀ ಕೂಗಿದಳು. "ಅಪ್ಪ, ನೀನು ಸತ್ಯ ಹೇಳ್ತಾ ಇಲ್ಲ!" ಪಳಗಿದ ದನಿ, ಗಂಟಲಿಗೆ ಸ್ವಲ್ಪವೂ ತ್ರಾಸವಾಗಲಿಲ್ಲ. ರವಿಚಂದ್ರ ಮೊದಲು ನಕ್ಕ. ಹತ್ತು ನಿಮಿಷಕ್ಕೆ ನಗು ನಿಂತಿತು. ಹದಿನೈದು ನಿಮಿಷಕ್ಕೆ ಅಂಗಿ ಬೆವರಿತು. "ನೀನೇ ಕಾರಣ!" "ಏನ್ ಮುಚ್ಚಿಡ್ತಿದ್ದೀಯ?" "ಮುಖ ತಗ್ಗಿಸ್ತಾನೆ ನೋಡು, ತಪ್ಪು ಮಾಡಿದ್ದಕ್ಕೇ!" ಹದಿನಾಲ್ಕು ವರ್ಷದ ಮಕ್ಕಳು ಅವನಿಗೆ ಏಕವಚನದಲ್ಲಿ ಕೂಗುತ್ತಿದ್ದರು. ಅವನು ಹೆಂಡತಿಯ ಕಡೆ ನೋಡಲು ಹೋದರೆ "ಅಲ್ಲಿ ನೋಡ್ಬೇಡ!" ಎಂದರು. ಇಪ್ಪತ್ತೈದನೆಯ ನಿಮಿಷಕ್ಕೆ ರವಿಚಂದ್ರ ಕೈ ಮೇಲೆತ್ತಿದ.

"ತಪ್ಪಾಯ್ತು. ನಾನು ದಿನಾ ಕುಡೀತೀನಿ. ಕುಡ್ದು ಹೆಂಡ್ತಿಗೆ ಹೊಡೀತೀನಿ. ಅದ್ನ ನೋಡಿ ಮಗಳು ಹಿಂಗಾದ್ಲು."

ಹಿಂದಿನ ಸಾಲಿನಿಂದ ಲಕ್ಷ್ಮಿಯ ದನಿ ಕೇಳಿಸಿತು.

"ಯಾವಾಗ್ರೀ?"

ಚಪ್ಪಾಳೆ ತಟ್ಟಲು ಎತ್ತಿದ ಮಂಜುಶ್ರೀಯ ಕೈಗಳು ಅಲ್ಲೇ ನಿಂತವು.

ಅಪ್ಪ ಕುಡಿಯುವುದಿಲ್ಲ. ಸೋದರಮಾವನ ಮದುವೆಯಲ್ಲಿ ಯಾರೋ ಬಲವಂತವಾಗಿ ಅರ್ಧ ಲೋಟ ಕುಡಿಸಿದ್ದಕ್ಕೆ ವಾಂತಿ ಮಾಡಿಕೊಂಡು ಜೀಪಿನಲ್ಲಿ ಮಲಗಿದ್ದು, ಅದನ್ನು ಅಮ್ಮ ಇವತ್ತಿಗೂ ಆಡಿಕೊಂಡು ನಗುವುದು ಅವಳಿಗೆ ಗೊತ್ತು. ಇನ್ನು ಹೊಡೆಯುವುದು. ಅಮ್ಮ ಊಟಕ್ಕೆ ಎರಡನೇ ಸಲ ಕರೆಯುವುದರೊಳಗೆ ಬರದಿದ್ದರೆ ಹೆದರುವವನು ಅಪ್ಪ. ಅಂದರೆ ಅವನು ಈಗ ಹೇಳಿದ್ದು ಸುಳ್ಳು. ಸ್ಟೂಲಿನ ಮೇಲೆ ಕೂತು, ಬೆವರಿ, ಕೈಯೆತ್ತಿ, ಸುಳ್ಳು ಹೇಳಿದ್ದಾನೆ. ಹಾಗಾದರೆ ಸ್ಟೂಲಿನ ಮೇಲೆ ಕೂತವರು ನಿಜವನ್ನೇ ಹೇಳಬೇಕೆಂದಿಲ್ಲ. ಮಂಜುಶ್ರೀ ಚೇತನನ ಮೂಗನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಅದು ದೇವೇಂದ್ರ ಸರ್ ಅವರ ಮೂಗಾಗಿತ್ತು. ಆಮೇಲೆ ಡೆಲ್ಸಿ ನೆನಪಾದಳು. ಆ ಮಕ್ಕಳೆಲ್ಲರಲ್ಲಿ ಒಂದೂ ಸುಳ್ಳು ಹೇಳದೆ ಕೂತಿದ್ದವಳು ಅವಳೊಬ್ಬಳೇ.

"ನೋಡಿ" ಎನ್ನುತ್ತಿದ್ದರು ದೇವೇಂದ್ರ ಸರ್. "ತಾಯಿಗೆ ಇನ್ನೂ ಒಪ್ಕೊಳ್ಳೋ ಧೈರ್ಯ ಬಂದಿಲ್ಲ."

"ಸುಳ್ಳು ಸಾರ್" ಎಂದಳು ಮಂಜುಶ್ರೀ. ಎದ್ದು ನಿಂತದ್ದು ಅವಳಿಗೇ ಗೊತ್ತಾಗಿರಲಿಲ್ಲ. "ನಮ್ಮಪ್ಪ ಕುಡಿಯಲ್ಲ. ಹೊಡಿಯೋದೂ ಇಲ್ಲ."

"ಅಪ್ಪನ್ನ ಕಾಪಾಡೋಕೆ ಹೋಗ್ಬೇಡ ಮಂಜುಶ್ರೀ. ಕೂತ್ಕೋ."

"ಚೇತನ್ ಅಂತ ಯಾರೂ ಇಲ್ಲ ಸಾರ್. ಗಾಂಜಾ ಹೆಂಗಿರ್ತೈತೆ ಅಂತ ನಂಗೆ ಗೊತ್ತಿಲ್ಲ. ಆ ಆಟೋ ಹೇಮಂತಂದು."

"ನಂದೂ ಅಲ್ಲ" ಎಂದ ಹೇಮಂತ ಕೂತಲ್ಲಿಂದಲೇ. "ನಾನ್ ಬಂದಾಗ ಒಬ್ಬ ಹುಡುಗ ಇದ್ದ, ಅವನ್ದು."

ಪೋಷಕರಲ್ಲಿ ಗುಸುಗುಸು ಶುರುವಾಯಿತು. "ಮೊದಲನೇ ಮೆಟ್ಟಿಲು" ಎಂದರು ದೇವೇಂದ್ರ ಸರ್, ಅದೇ ಮೆತ್ತನೆಯ ದನಿಯಲ್ಲಿ. ಮಂಜುಶ್ರೀ ಹಳದಿ ಪಟ್ಟಿಯನ್ನು ಬಿಚ್ಚಿ ನೆಲದ ಮೇಲಿಟ್ಟು ಸ್ಟೂಲಿನ ಹತ್ತಿರ ಹೋದಳು. ರವಿಚಂದ್ರ ಇನ್ನೂ ಅಲ್ಲೇ ಕೂತಿದ್ದ, ಏಳಲು ಅಪ್ಪಣೆ ಬೇಕೇನೋ ಎನ್ನುವಂತೆ.

"ಏಳಪ್ಪ, ಮನೆಗೆ ಹೋಗನ."

ಅವನು ಎದ್ದ. ಲಕ್ಷ್ಮಿ ಆಫೀಸಿಗೆ ಹೋಗಿ ಚಕ್ಕುಲಿಯ ಡಬ್ಬವನ್ನು ವಾಪಸ್ಸು ತಂದಳು.

ಜೀಪಿನಲ್ಲಿ ಕೂತ ಮೇಲೆ ರವಿಚಂದ್ರ ಬಹಳ ಹೊತ್ತು ಗಾಡಿ ಚಾಲು ಮಾಡಲಿಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

"ಯಾಕಂಗ್ ಹೇಳ್ಬುಟ್ನೋ ಗೊತ್ತಿಲ್ಲ ಕಣವ್ವ. ಹೇಳುದ್ರೆ ಬುಟ್ಬುಡ್ತಾರೆ ಅನ್ನುಸ್ತು."

"ಊರೋರ್ ಮುಂದೆಲ್ಲ ಹೆಂಡ್ತಿಗೆ ಹೊಡೀತೀನಿ ಅಂದ್ರಲ್ಲ" ಎಂದಳು ಲಕ್ಷ್ಮಿ. "ನಾನಿನ್ನು ಬಾಳ್ಳುಪೇಟೆ ಸಂತೆಗೆ ಹೆಂಗ್ ಹೋಗ್ಲಿ?" ಹೇಳುತ್ತ ಹೇಳುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು.

ಅರ್ಧ ದಾರಿ ಬಂದ ಮೇಲೆ ರವಿಚಂದ್ರ ಕೇಳಿದ. "ಮಗ, ಕಾಲೇಜಿಗೆ ಯಾಕ್ ಹೋಗ್ತಿರ್ಲಿಲ್ಲ?"

"ಫಿಸಿಕ್ಸ್ ಅರ್ಥ ಆಗ್ತಿರ್ಲಿಲ್ಲ. ಮೇಷ್ಟ್ರು ಆಡ್ಕೊಂಡ್ರು."

"ಅಷ್ಟೇಯಾ?"

"ಅಷ್ಟೇ."

ಅವನು ಎದುರಿಗೆ ಬಂದ ಲಾರಿಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಟ್ಟು ಗಾಡಿಯನ್ನು ಮಣ್ಣಿಗಿಳಿಸಿದ.

ಮನೆಗೆ ಬಂದರೂ ಮಂಜುಶ್ರೀ ಪೂರ್ತಿ ಬಂದಿರಲಿಲ್ಲ. ಸರೋಜಮ್ಮ ತೋಟದಿಂದ ಬಂದು "ಹೆಂಗಿದ್ದೀಯವ್ವ?" ಎಂದು ಕೇಳಿದರೆ ಎದ್ದು ನಿಂತು, ನಾನು ಸೋಮಾರಿ, ನಾನು ಸ್ವಾರ್ಥಿ ಎಂದು ಒಪ್ಪಿಸಿದಳು. ಸರೋಜಮ್ಮ ಕೈಯಲ್ಲಿದ್ದ ಕುಕ್ಕೆಯನ್ನು ಕೆಳಗಿಡುವುದನ್ನೇ ಮರೆತರು. ಕೊಯ್ಲಿನ ಹೆಂಗಸರು ಮಧ್ಯಾಹ್ನ ಮರದ ಕೆಳಗೆ ಸುತ್ತ ಕೂತು ಬುತ್ತಿ ಬಿಚ್ಚಿದರೆ ಅವಳು ಆ ದಾರಿ ಬಿಟ್ಟು ಬೇಲಿ ಹಾರಿ ಬರುತ್ತಿದ್ದಳು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿತು.

"ನೋಡ್ಕಬಾರ್ದೇನೇ?" ಎಂದಳು ಲಕ್ಷ್ಮಿ.

"ನಾನು ಬೇಕಂತಲೇ ಉಕ್ಸಿದ್ದು. ನಿಂಗೆ ನೋವಾಗ್ಲಿ ಅಂತ ಉಕ್ಸಿದ್ದು."

ಲಕ್ಷ್ಮಿ ಮಗಳ ಮುಖ ನೋಡಿದಳು. ಗ್ಯಾಸ್ ಆರಿಸಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. "ಹಾಲು ಉಕ್ಕೇ ಉಕ್ತೈತೆ ಕಣೆ" ಎಂದು ಮಾತ್ರ ಹೇಳಿದಳು. ಅವತ್ತಿನಿಂದ ಮನೆಯಲ್ಲಿ ಯಾರೂ ಮಂಜುಶ್ರೀಗೆ 'ಯಾಕೆ' ಎಂದು ಜೋರಾಗಿ ಕೇಳಲಿಲ್ಲ. ಹಾಸನದ ಡಾಕ್ಟರಮ್ಮನೊಬ್ಬರ ಹತ್ತಿರ ಕರೆದುಕೊಂಡು ಹೋಗತೊಡಗಿದರು. ಅಲ್ಲಿ ಒಬ್ಬರೇ ಎದುರಿಗಿರುತ್ತಿದ್ದರು, ಕೂಗುತ್ತಿರಲಿಲ್ಲ. ಮೊದಲ ಮೂರು ಸಲ ಮಂಜುಶ್ರೀ ಅವರಿಗೆ ಏನು ಒಪ್ಪಿಸಬೇಕೆಂದು ಮನೆಯಿಂದಲೇ ತಯಾರಿ ಮಾಡಿಕೊಂಡು ಹೋದಳು.

ಡೆಲ್ಸಿಯ ವಿಷಯವನ್ನು ಅವಳು ಜನವರಿಯಲ್ಲಿ ಹೇಳಿದಳು, ಕಣದಲ್ಲಿ ಅಪ್ಪನೊಂದಿಗೆ ಕಾಫಿ ಹರವುತ್ತಿದ್ದಾಗ. ಮುಚ್ಚಿಡದೆ, ಸೇರಿಸದೆ, ಆದದ್ದನ್ನು ಆದಷ್ಟೇ ಹೇಳುವುದು ಕಷ್ಟವಾಯಿತು. ಎರಡು ಸಲ ಹಿಂದಕ್ಕೆ ಹೋಗಿ ತಿದ್ದಿಕೊಂಡಳು.

"ಎದೆನೋವು ಅಂತ ನೀನ್ ಸೇರ್ಸಿದ್ದು, ಅಲ್ವಾ?" ರವಿಚಂದ್ರ ಕೇಳಿದ.

"ಹೂಂ."

ಅವನು ಸಮಾಧಾನ ಮಾಡಲಿಲ್ಲ. ನಿನ್ನದೇನು ತಪ್ಪು ಬಿಡು ಎನ್ನಲೂ ಇಲ್ಲ. ಕಾಫಿಯನ್ನು ಇನ್ನೊಂದು ಸಲ ಕೈಯಾಡಿಸಿ, "ಹಂಗಾರೆ ಹೋಗ್ಬೇಕಾಯ್ತದೆ" ಎಂದ.

ಬಾಳ್ಳುಪೇಟೆಯಲ್ಲಿ ರೀಟಾರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ರವಿಚಂದ್ರ ಎದುರಿನ ಟೀ ಅಂಗಡಿಯಲ್ಲಿ ಉಳಿದ. ಮಂಜುಶ್ರೀ ಮೆಟ್ಟಿಲು ಹತ್ತಿದಳು. ರೀಟಾ ಮಿಷನ್ ತುಳಿಯುತ್ತಿದ್ದರು. ಮೂಲೆಯ ಬೆಂಚಿನ ಮೇಲೆ ಡೆಲ್ಸಿ ರವಿಕೆಗೆ ಹುಕ್ಕು ಹಾಕುತ್ತ ಕೂತಿದ್ದಳು. ಮಣಿಕಟ್ಟು ಸಣ್ಣದಾಗಿತ್ತು. ತಲೆಯೆತ್ತಿ ನೋಡಿದಳು, ಮತ್ತೆ ಹುಕ್ಕಿಗೆ ತಿರುಗಿದಳು.

"ಏನು ಬೇಕಿತ್ತು?" ಎಂದರು ರೀಟಾ.

"ನಾನು ಮಂಜುಶ್ರೀ ಆಂಟಿ. ಹೆಗ್ಗದ್ದೇಲಿ ಡೆಲ್ಸಿ ಜೊತೆ ಇದ್ದೆ."

ಮಿಷನ್ ನಿಂತಿತು. "ನೀನೇನಾ? ಇವಳು ಮಾತಾಡುದಿಲ್ಲ, ಆದರೆ ಮೊನ್ನೆ ಚೀಟಿ ಮೇಲೆ ನಿನ್ನ ಹೆಸರು ಬರ್ದಿದ್ಳು. ಬರ್ದು ಹರಿದು ಹಾಕಿದ್ಳು. ನೀನು ಏನು ಮಾಡಿದ್ದೀ ಇವಳಿಗೆ?"

ಮಂಜುಶ್ರೀ ನಿಂತೇ ಹೇಳಿದಳು. ಒಗೆಯುವ ಕಲ್ಲಿನ ಹತ್ತಿರ ಡೆಲ್ಸಿ ಹೇಳಿದ್ದನ್ನು ಈಗ ಎರಡನೆಯ ಸಲ, ಅವಳ ಎದುರಿಗೇ ಹೇಳಬೇಕಾಗಿತ್ತು. ಅದಕ್ಕೇ ಮೊದಲು ಅವಳ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳ್ಲಾ?" ಎಂದು ಕೇಳಿದಳು. ಡೆಲ್ಸಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಹೇಳು ಎನ್ನುವಂತೆ ತಲೆ ಆಡಿಸಿದಳು. ಮಂಜುಶ್ರೀ ಎರಡು ಫೋನಿನ ವಿಷಯ, ಕೂಟದಲ್ಲಿ ತಾನು ಕೂಗಿದ್ದು, ಎದೆನೋವು ಎಂದು ತಾನೇ ಕಟ್ಟಿದ್ದು ಎಲ್ಲವನ್ನೂ ಹೇಳಿದಳು.

ರೀಟಾ ಕನ್ನಡಕ ತೆಗೆದರು. ಬಯ್ಯುತ್ತಾರೆಂದು ಮಂಜುಶ್ರೀ ಕಾದಳು. ಆದರೆ ಅವರು ನೋಡುತ್ತಿದ್ದುದು ಮಗಳನ್ನು.

"ಎಂಟು ತಿಂಗಳು ಇದನ್ನ ಇಟ್ಟುಕೊಂಡೇ ಕೂತಿದ್ಯಾ ನೀನು? ಆಮೇಲೆ ಅಲ್ಲಿಗೆ ಕಳಿಸ್ದೆನಲ್ಲ ನಾನು!" ಅವರು ಕುರ್ಚಿಯನ್ನು ಮಗಳ ಕಡೆ ತಿರುಗಿಸಿದರು. "ಡೆಲ್ಸಿ, ಕೇಳು. ಪಪ್ಪ ಫೋನ್ ಮಾಡಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ನೀನು ಎತ್ತಲಿಲ್ಲ ಅಂತ ನಂಗೆ ಮಾಡಿದ್ರು. ಮೀನಿನ ಗಾಡಿ ಬಂದುಂಟು, ಬಂಗುಡೆ ತರಲಾ ಭೂತಾಯಿ ತರಲಾ, ಡೆಲ್ಸಿ ಹತ್ರ ಕೇಳು ಅಂದ್ರು. ನಾನು ಕೆಲಸದ ಗಡಿಬಿಡೀಲಿ ಭೂತಾಯಿ ತನ್ನಿ ಅಂದೆ. ಅವರು ಹೋದದ್ದು ಮೂರು ಗಂಟೆಗೆ. ಊಟ ಮಾಡಿದ್ರು, ನಗಾಡಿದ್ರು, ಹಾಜರಿ ಬರೀತಾ ಇದ್ರು. ಡಾಕ್ಟ್ರು ಹೇಳಿದ್ರು, ಒಂದೇ ನಿಮಿಷ ಅಂತ."

ಹೊರಗೆ ಒಂದು ಟ್ಯಾಂಕರು ಹಾದುಹೋಯಿತು.

"ಭೂತಾಯಿಯಾ?" ಎಂದಳು ಡೆಲ್ಸಿ.

ಎರಡು ತಿಂಗಳು ಉಪಯೋಗಿಸದ ದನಿ, ಒರಟಾಗಿತ್ತು. ರೀಟಾ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ನಂಗೆ ಭೂತಾಯಿ ಇಷ್ಟ ಇಲ್ಲ ಅಂತ ಗೊತ್ತಿಲ್ವಾ ನಿಂಗೆ?"

ಇಷ್ಟು ಹೇಳಿ ಡೆಲ್ಸಿ ಜೋರಾಗಿ ಅಳತೊಡಗಿದಳು. ರೀಟಾ ಮಿಷನ್ ದಾಟಿ ಹೋಗಿ ಅವಳ ಪಕ್ಕ ಕೂತರು. ಮಂಜುಶ್ರೀ ಯಾವ ಕಡೆ ನೋಡಬೇಕೆಂದು ತಿಳಿಯದೆ ಗೋಡೆಗೆ ತೂಗುಹಾಕಿದ್ದ ಹೊಲಿದ ಬಟ್ಟೆಗಳನ್ನು ಒಂದೊಂದಾಗಿ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ರೀಟಾ ತಲೆಯೆತ್ತಿದರು.

"ನೀನೀಗ ಹೋಗು ಮಾರಾಯ್ತಿ. ಬರುವ ಶನಿವಾರ ಬಾ. ಅವಳು ಬೇಡ ಅಂದ್ರೆ ಬಾಗಿಲಿಂದಲೇ ವಾಪಸ್ ಹೋಗ್ಬೇಕು."

ಡೆಲ್ಸಿ ಬೇಡ ಎಂದಳು. ಅದರ ಮುಂದಿನ ಶನಿವಾರವೂ ಬೇಡ ಎಂದಳು. ಮೂರನೆಯ ಶನಿವಾರ ಏನೂ ಹೇಳದೆ ಬೆಂಚಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮಂಜುಶ್ರೀ ಕೂತಳು. "ನನ್ನ ಹತ್ರ ಏನೂ ಕೇಳ್ಬೇಡ" ಎಂದಳು ಡೆಲ್ಸಿ. "ನಾನು ನಿಂಗೆ ಏನೂ ಹೇಳುದಿಲ್ಲ ಇನ್ನು." ಸರಿ ಎಂದಳು ಮಂಜುಶ್ರೀ. ಅದು ನ್ಯಾಯವೇ ಎನಿಸಿತು.

ಅಷ್ಟರಲ್ಲಿ ರವಿಚಂದ್ರನೂ ರೀಟಾರೂ ಇನ್ನೂ ನಾಲ್ಕು ಜನ ಪೋಷಕರನ್ನು ಹಿಡಿದು ಹಾಸನಕ್ಕೆ ಹೋಗಿ ಮಕ್ಕಳ ರಕ್ಷಣಾ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅರ್ಜಿಯಲ್ಲಿ ರವಿಚಂದ್ರ, ತಾನು ಹೆಂಡತಿಗೆ ಹೊಡೆಯುತ್ತೇನೆಂದು ಇಪ್ಪತ್ತೈದು ನಿಮಿಷದಲ್ಲಿ ಒಪ್ಪಿಕೊಂಡದ್ದನ್ನು ಪೂರ್ತಿ ಬರೆಸಿದ. ಅದನ್ನು ಓದಿದ ಅಧಿಕಾರಿ ಎರಡು ಸಲ ಅವನ ಮುಖ ನೋಡಿದರಂತೆ. ಕೇಂದ್ರಕ್ಕೆ ಪರವಾನಗಿಯೇ ಇರಲಿಲ್ಲ. ಮಾರ್ಚ್ ಹೊತ್ತಿಗೆ ಬೋರ್ಡು ಇಳಿಯಿತು, ಮಕ್ಕಳೆಲ್ಲ ಮನೆ ಸೇರಿದರು. ಮಾದಮ್ಮ ಕೊಯ್ಲಿನ ಕೆಲಸಕ್ಕೆ ಮರಳಿದಳು. ಪೂಜಿತಾ ಮಾತ್ರ ಫೋನ್ ಮಾಡಿ, ಅಲ್ಲಿಂದಲೇ ನಾನು ಸರಿಹೋದದ್ದು, ನೀವು ಯಾಕೆ ಮುಚ್ಚಿಸಿದಿರಿ ಎಂದು ಮಂಜುಶ್ರೀಯ ಮೇಲೆ ಕೂಗಾಡಿ ಇಟ್ಟುಬಿಟ್ಟಳು. ದೇವೇಂದ್ರ ಸರ್ ಬೇರೆ ಯಾವುದೋ ಜಿಲ್ಲೆಯಲ್ಲಿ ಬೇರೆ ಹೆಸರಿನಲ್ಲಿ ಶುರು ಮಾಡಿದ್ದಾರೆಂದು ಕೇಳಿಬಂತು. ಅಲ್ಲಿ ಸ್ಟೂಲಿನ ಬದಲು ಕುರ್ಚಿ ಇದೆಯಂತೆ. ರವಿಚಂದ್ರ ಆ ಜಿಲ್ಲೆಯ ಕಚೇರಿಗೂ ಒಂದು ಅರ್ಜಿ ಹಾಕಿದ. ಅದಕ್ಕಿನ್ನೂ ಉತ್ತರ ಬಂದಿಲ್ಲ.

ಜೂನಿನಲ್ಲಿ ಮಂಜುಶ್ರೀ ಆಲೂರಿನಲ್ಲೇ ಆರ್ಟ್ಸಿಗೆ ಸೇರಿದಳು, ಕನ್ನಡದಲ್ಲಿ. ಹುಡುಗಿಯರು ಗುಂಪಾಗಿ ನಕ್ಕರೆ ಈಗಲೂ ಅವಳು ದಾರಿ ಬದಲಿಸುತ್ತಾಳೆ. ಡೆಲ್ಸಿ ಮನೆಯಲ್ಲೇ ಓದಿ ಹತ್ತನೆಯದಕ್ಕೆ ಕಟ್ಟಿದ್ದಾಳೆ. ಕೆಲವು ವಾರ ಚೆನ್ನಾಗಿರುತ್ತಾಳೆ, ಕೆಲವು ವಾರ ಮತ್ತೆ ತಟ್ಟೆ ನೋಡುತ್ತ ಕೂರುತ್ತಾಳೆ. ಶನಿವಾರ ಮಧ್ಯಾಹ್ನ ಇಬ್ಬರೂ ಬೆಂಚಿನ ಎರಡು ತುದಿಗೆ ಕೂತು ಹುಕ್ಕು ಹಾಕುತ್ತಾರೆ. ಮಾತಾಡಿದರೆ ಬಟ್ಟೆಯ ವಿಷಯ, ಹೆಚ್ಚೆಂದರೆ ಗಿರಾಕಿಗಳ ವಿಷಯ.

ಮೊನ್ನೆ ಶನಿವಾರವೂ ರವಿಚಂದ್ರ ಎದುರಿನ ಅಂಗಡಿಯಲ್ಲಿ ಲಾರಿ ಡ್ರೈವರುಗಳ ನಡುವೆ ಟೀ ಕುಡಿಯುತ್ತ ಕಾದಿದ್ದ. ಮಗಳು ಬಂದು ಜೀಪು ಹತ್ತಿದಳು. ಏನು ಮಾತಾಡಿದಿರಿ ಎಂದು ಅವನು ಕೇಳಲಿಲ್ಲ, ಯಾವತ್ತೂ ಕೇಳುವುದಿಲ್ಲ. ಹೆದ್ದಾರಿ ಬಿಟ್ಟು ಹೊರಳುವಾಗ ಅವಳೇ ಹೇಳಿದಳು.

"ರೀಟಾ ಆಂಟಿ ಹೊಸ ಮಿಷನ್ ತಗೊಂಡವ್ರೆ ಕಣಪ್ಪ."

"ಹೌದಾ? ಕರೆಂಟಿಂದಾ?"

"ಕರೆಂಟಿಂದು. ಬಲು ಸ್ಪೀಡು."

"ಕರೆಂಟ್ ಹೋದ್ರೆ ಏನ್ ಮಾಡ್ತಾರಂತೆ?"

"ಹಳೇದೂ ಇಟ್ಕಂಡವ್ರೆ."

ಹಾಗೆ ಎರಡೂ ಇಟ್ಟುಕೊಳ್ಳುವುದೇ ಒಳ್ಳೆಯದು, ಈ ಕಡೆ ಕರೆಂಟನ್ನು ನಂಬುವಂತಿಲ್ಲ ಎಂದು ರವಿಚಂದ್ರ ಹೇಳಿದ. ಮನೆ ಮುಟ್ಟುವವರೆಗೂ ಇಬ್ಬರೂ ಹೊಲಿಗೆ ಮಿಷನ್ನಿನ ವಿಷಯವನ್ನೇ ಮಾತಾಡಿದರು.